ಪದಚರ್ಚೆ: ‘ಗೇಮ್ ಥಿಯರಿ’ಗೆ ಕನ್ನಡದಲ್ಲಿ ಏನನ್ನೋಣ? (ಫ್ಲೆಕ್ಸ್ ಇವತ್ತೇ ಕೊಡಬೇಕು)

ಶಿವಮೊಗ್ಗದಿಂದ:
ಬಳಗದವರಿಗೆ ನಮಸ್ಕಾರ. ಭಾನುವಾರ ನಮ್ಮ ಓದುಗರ ಗುಂಪಿನಲ್ಲಿ ಒಂದು ಮಾತುಕತೆ ಇದೆ. ಆಳುವವರಿಗೂ ಜನರಿಗೂ ಜಟಾಪಟಿ ಬಿದ್ದಾಗ ಯಾರು, ಯಾಕೆ ಬಗ್ಗುತ್ತಾರೆ ಅಂತ ಗೇಮ್ ಥಿಯರಿ (ಎದುರಿನವರು ಏನು ಮಾಡಬಹುದು ಅಂತ ಅಂದಾಜಿಸಿ ನಮ್ಮ ನಡೆ ಲೆಕ್ಕ ಹಾಕೋ ಶಾಸ್ತ್ರ) ಹಿಡಿದು ನೋಡೋದು. ಉದಾಹರಣೆ ನಮ್ಮದೇ, ಮೈಸೂರು ಅರಸರ ಆಡಳಿತದ ವಿರುದ್ಧ ರೈತರು ಎದ್ದ 1830ರ ನಗರ ದಂಗೆ. (ನಗರ ಅಂದ್ರೆ ಬಿದನೂರು, ಸಿಟಿ ಅಲ್ಲ.) ಫ್ಲೆಕ್ಸ್ ಅಂಗಡಿಯವರು ಸಂಜೆ ಆರರೊಳಗೆ ಬರಹ ಕಳಿಸಿ ಅಂದಿದ್ದಾರೆ.

‘ಆಟದ ಸಿದ್ಧಾಂತ’ ಅಂತ ಬರೆದಿಟ್ಟಿದ್ದೆ. ಅಮ್ಮ ನೋಡಿ, ‘ಯಾವ ಮೇಳದ್ದು?’ ಅಂದರು. ನಮ್ಮ ಕಡೆ ಆಟ ಅಂದ್ರೆ ಯಕ್ಷಗಾನ ತಾನೇ!

‘ಕೋಆರ್ಡಿನೇಷನ್’ಗೂ ಒಂದು ಪದ ಬೇಕು. ‘ಸಮನ್ವಯ’ ಬೇಡ, ಸರ್ಕಾರಿ ಸಭೆಯ ನೋಟಿಸ್ ಓದಿದ ಹಾಗಾಗುತ್ತೆ. 1997ರಲ್ಲಿ ಅಮೆರಿಕದ ರಾಜಕೀಯಶಾಸ್ತ್ರಜ್ಞ ಬ್ಯಾರಿ ವೈನ್‌ಗಾಸ್ಟ್ ಬರೆದ ಲೇಖನದ ತಿರುಳೇ ಅದು. ದೊರೆ ಒಂದು ಗುಂಪನ್ನು ಹಿಂಡುತ್ತಾನೆ. ಆ ಗುಂಪು ಒಂದೇ ಎದ್ದರೆ ಏಟು ತಿನ್ನುತ್ತೆ. ಇನ್ನೊಂದೂ ಜೊತೆಗೆ ಎದ್ದರೆ ದೊರೆ ಹಿಂದೆ ಸರಿಯಬೇಕು. ಆದರೆ ಇನ್ನೊಬ್ಬರು ಏಳ್ತಾರೋ ಇಲ್ವೋ ಅಂತ ಮೊದಲೇ ಗೊತ್ತಾಗೋದು ಹೇಗೆ?

ತೀರ್ಥಹಳ್ಳಿಯಿಂದ:
ಮೊದಲು ‘ಸಿದ್ಧಾಂತ’ ತೆಗೀರಿ, ಅದು ಸಂಸ್ಕೃತ. ‘ಆಟದರಿಮೆ’ ಅನ್ನಿ, ಅರಿಮೆ ಅಂದ್ರೆ ತಿಳಿವು. ಕಾದಾಡು, ಗುದ್ದಾಡು, ಕಿತ್ತಾಡು. ‘ಆಡು’ ಬಂತೆಂದರೆ ಎದುರಿಗೆ ಇನ್ನೊಬ್ಬ ಇರಲೇಬೇಕು. ಗೇಮ್ ಥಿಯರಿ ಪೂರ್ತಿ ಆ ಒಂದು ಪದದಲ್ಲೇ ಇದೆ.

ಆಡು-ಹುಲಿ ಆಟ ನೆನಪಿದೆಯಾ? ನಾವು ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, 3 ಹುಲಿ, 15 ಆಡು ಇಟ್ಟು ಆಡ್ತಿದ್ದೆವು. ಹುಣಸೆಬೀಜವೇ ಆಡು. ಒಂಟಿ ಆಡನ್ನು ಹುಲಿ ಹಾರಿ ಹೊಡೆಯುತ್ತೆ. ಅದರ ಬೆನ್ನಿಗೆ ಇನ್ನೊಂದು ನಿಂತಿದ್ದರೆ ಹುಲಿಗೆ ಹಾರಿ ಇಳಿಯೋಕೆ ಜಾಗ ಇಲ್ಲ. ದೊರೆ, ಜನ ಅಂದ್ರೆ ಇಷ್ಟೇ. ಆಡಿಗೆ ಆ ಹೆಸರು ಬಂದಿದ್ದೂ ಅದು ಸದಾ ಆಡ್ತಾ ಇರೋದ್ರಿಂದಲೇ.

ಸಾಗರದಿಂದ:
ಅಲ್ಲ. ಮೇಕೆಯ ‘ಆಡು’ವಿನ ಬೇರೇ ಬೇರೆ. ಹಳೇ ತಮಿಳಿನಲ್ಲಿ ಅದು ‘ಯಾಡು’. ಇನ್ನು ‘ಓಡಾಡು’ವಿಗೆ ಎದುರಾಳಿ ಯಾರು? ‘ಆಟದರಿಮೆ’ ಯಾರ ಬಾಯಲ್ಲೂ ಇಲ್ಲ. ‘ಗೇಮ್ ಥಿಯರಿ’ ಅಂತ ಬರೆದು ಮುಗಿಸಿ.

ಹುಲಿ ಆಟದ ಹೋಲಿಕೆಯೂ ಅರ್ಧವೇ. ಜಗಲಿ ಮೇಲೆ ಅಷ್ಟೂ ಆಡುಗಳನ್ನು ನಡೆಸೋದು ಒಂದೇ ಕೈ. ಊರಲ್ಲಿ ಒಂದೊಂದು ಆಡಿಗೂ ಅದರದ್ದೇ ತಲೆ, ಅದರದ್ದೇ ಭಯ. ತಾಪತ್ರಯ ಇರೋದೇ ಅಲ್ಲಿ.

ತೀರ್ಥಹಳ್ಳಿಯಿಂದ:
ಇಂಗ್ಲಿಷಿನ ಎಂಜಲು ಇನ್ನೂ ಎಷ್ಟು ದಿನ ಮಾರಾಯ್ರೆ?

ಸಾಗರದಿಂದ:
‘ರೈತ’ ಎಲ್ಲಿಯದು? ಅರಬ್ಬಿಯಲ್ಲಿ ಹುಟ್ಟಿ ಪಾರ್ಸಿ ಹಾದು ಬಂದದ್ದು. ಮೊದಲು ಕಾಯುವ ಹಿಂಡು ಅಂತ ಅರ್ಥ, ಆಮೇಲೆ ದೊರೆಯ ಕೈಕೆಳಗಿನ ಪ್ರಜೆ. ನಿಮ್ಮ ಆಡು ಅಲ್ಲಿ ಸಿಗುತ್ತೆ, ಹುಡುಕಿಕೊಳ್ಳಿ. ಹಸಿರು ಶಾಲಿನವರ ಹತ್ತಿರ ಹೋಗಿ ‘ಈ ಪದ ಎಂಜಲು, ಬಿಟ್ಟುಬಿಡಿ’ ಅಂತ ಒಮ್ಮೆ ಹೇಳಿ ನೋಡಿ.

ಶಿವಮೊಗ್ಗದವರೇ, ಕೋಆರ್ಡಿನೇಷನ್‌ಗೆ ಪದ ಕಟ್ಟಬೇಡಿ. ನಿಮ್ಮ ನಗರ ದಂಗೆಯಲ್ಲೇ ಇದೆ. ಆಗ ರೈತರು ಸೇರುತ್ತಿದ್ದ ಸಭೆಗೆ ‘ಕೂಟ’ ಅಂತಲೇ ಹೆಸರು. ಒಬ್ಬನೇ ಕಂದಾಯ ಕೊಡಲ್ಲ ಅಂದ್ರೆ ಅಮಲ್ದಾರ ಅವನ ಬಾಗಿಲಿಗೇ ಬರ್ತಾನೆ. ಕೂಟದಲ್ಲಿ ಎಲ್ಲರೆದುರು ಹೇಳಿದ ಮೇಲೆ ಪಕ್ಕದವನೂ ಕೊಡಲ್ಲ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವನಿಗೂ ಗೊತ್ತು. ಈ ಎರಡನೇ ಗೊತ್ತಿಗೇ ಕೂಟ ಬೇಕಾಗಿದ್ದು. ಆದರೆ ವೈನ್‌ಗಾಸ್ಟ್ ಲೆಕ್ಕದಲ್ಲಿ ಹೊರಗಿನವನು ಇಲ್ಲ. ಇಲ್ಲಿ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂದು ಮಣೆಯನ್ನೇ ಎತ್ತಿಕೊಂಡು ಹೋಯಿತು, ಆಳ್ವಿಕೆಯನ್ನೇ ಕೈಗೆ ತೆಗೆದುಕೊಂಡಿತು. ಮೈಸೂರು ಅರಸರ ಕೈಗೆ ಅದು ವಾಪಸ್ ಸಿಕ್ಕಿದ್ದು 1881ಕ್ಕೆ.

ಭದ್ರಾವತಿಯಿಂದ:
‘ಕೂಟ’ ಅಂದ್ರೆ ಮೋಸ ಅಂತಲೂ ಇದೆ. ಕೂಟಸಾಕ್ಷಿ ಅಂತಾರಲ್ಲ? ಫ್ಲೆಕ್ಸ್ ಮೇಲೆ ಬೇಡ.

ಸಾಗರದಿಂದ:
ಅದು ಸಂಸ್ಕೃತದ ಕೂಟ. ಇದು ಕೂಡು, ಕೂಟ. ಓಡು, ಓಟ. ಸುಮ್ನೆ ಗೊಂದಲ ಎಬ್ಬಿಸಬೇಡಿ.

ಶಿವಮೊಗ್ಗದಿಂದ:
ಐದೂ ಮುಕ್ಕಾಲು ಆಯ್ತು. ‘ಗೇಮ್ ಥಿಯರಿ ಮತ್ತು ಬಿದನೂರಿನ ಕೂಟ’ ಅಂತ ಕಳಿಸಿಬಿಟ್ಟೆ. ಅಂಗಡಿಯ ಹುಡುಗ ಈಗ ಫೋನ್ ಮಾಡಿದ್ದ: ‘ಸಾರ್, ಕೂಟ ಅಂದ್ರೆ ತಾಳಮದ್ದಳೆ ಅಲ್ವಾ? ಭಾಗವತರ ಫೋಟೊ ಕಳಿಸಿಲ್ಲ ನೀವು.’