ಹಾಲಿ, ಮಾಜಿ, ಭಾವಿ: ಈ ಮೂರರಲ್ಲೂ ಸೇರದವರನ್ನು ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಅದು ಐದಾರಾಯಿತು. ಉದ್ದವಾದರೆ ಬೈಕೊಳ್ಳಬೇಡಿ.

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಕಸುಬು ಬಟ್ಟೆ ಹೊಲಿಯುವುದು. ಜೊತೆಗೆ ನಮ್ಮ ನಗರಸಭೆಯ ಸದಸ್ಯರಾಗಿದ್ದವರು. ಅವರಿಗೆ ಎಪ್ಪತ್ತೈದು ತುಂಬುತ್ತಿದೆ ಅಂತ ಬೇಕಾದವರೆಲ್ಲ ಸೇರಿ ಒಂದು ಪುಟ್ಟ ಅಭಿನಂದನಾ ಪುಸ್ತಕ ತರುತ್ತಿದ್ದಾರೆ. ಅವರ ಚುನಾವಣೆಗಳ ಬಗ್ಗೆ ನಾಲ್ಕು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಹೇಳಿದವರು ತಲೆಬರಹವನ್ನೂ ಕೊಟ್ಟೇ ಕಳಿಸಿದ್ದಾರೆ: 'ಚುನಾವಣಾ ವೃತ್ತಿಜೀವನ'. ನನ್ನ ತಕರಾರು ಅಲ್ಲಿಂದಲೇ ಶುರು.

ವೃತ್ತಿ ಅಂದರೆ ಹೊಟ್ಟೆಪಾಡು. ವಕೀಲಿ ವೃತ್ತಿ, ಶಿಕ್ಷಕ ವೃತ್ತಿ ಅಂದರೆ ಸರಿ. ಚುನಾವಣೆಯೇ ಒಬ್ಬರ ವೃತ್ತಿ ಅಂದರೆ ಅದು ಹೊಗಳಿಕೆಯೋ ಕುಹಕವೋ? ಇವರ ವೃತ್ತಿ ಹೊಲಿಗೆ ಮಷೀನಿನ ಮುಂದೆ ಇತ್ತು, ಈಗಲೂ ಇದೆ. ಸುಮ್ನೆ ಇಂಗ್ಲಿಷಿನ ಕೆರಿಯರ್ ಪದವನ್ನು ಎತ್ತಿ ತಂದಿಟ್ಟ ಹಾಗಿದೆ. 'ರಾಜಕೀಯ ಜೀವನ' ಅನ್ನೋಣ ಅಂದರೆ ಅದು ತೀರಾ ಅಗಲ. ಪಕ್ಷ, ಧರಣಿ, ಭಾಷಣ ಎಲ್ಲ ಅದರೊಳಗೆ ಬರುತ್ತದೆ, ನನಗೆ ಬೇಕಾದದ್ದು ಚುನಾವಣೆ ಮಾತ್ರ. 'ಚುನಾವಣಾ ಪಯಣ' ನನಗೆ ಆಗುವುದಿಲ್ಲ. ಈಗ ಎಲ್ಲರ ಬದುಕೂ ಪಯಣವೇ. ಬಸ್ಸಿನಲ್ಲಿ ಹೋಗುವವರಿಗೆ ಮಾತ್ರ ಆ ಪದ ಉಳಿದಿಲ್ಲ, ಅವರು ಪ್ರಯಾಣಿಕರು.

ಕೊನೆಗೆ ಅವರನ್ನೇ ಕೇಳೋಣ ಅಂತ ಹೋದೆ. ಕಾಜಾ ಹೊಲಿಯುತ್ತಿದ್ದರು. ಹಲ್ಲಿನಲ್ಲಿ ದಾರ ಕಡಿದು, ತಲೆ ಎತ್ತದೆ ಹೇಳಿದರು: "ಐದು ಸಲ ನಾನು ನಿಂತೆ. ಒಂದು ಸಲ ನಾನು ಕೂತೆ, ಇವಳು ನಿಂತಳು. ಅಷ್ಟೇನಪ್ಪಾ ಕಥೆ."

2007ರಲ್ಲಿ ಅವರ ವಾರ್ಡು ಮಹಿಳಾ ಮೀಸಲಿಗೆ ಹೋಗಿತ್ತು. ಆ ಸಲ ಅವರ ಮನೆಯವರು ನಿಂತು ಗೆದ್ದರು. ಬೀದಿಯವರು ಮಾತ್ರ ಆ ಐದು ವರ್ಷವೂ ಇವರನ್ನೇ 'ಮೆಂಬರ್ರು' ಅಂದರು, ಆಕೆಯನ್ನು 'ಮೆಂಬರ್ ಮನೆಯವರು' ಅಂದರು. ಸಭೆಯಲ್ಲಿ ಕೂತು ಕೈ ಎತ್ತಿದ್ದು ಆಕೆ. ಇದನ್ನೂ ನನ್ನ ನಾಲ್ಕು ಪುಟದಲ್ಲಿ ಬರೆಯಲೇಬೇಕು ಅಂತಿದ್ದೇನೆ.

ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು 'ನಿಂತೆ'. ಪತ್ರಿಕೆಯಲ್ಲಿ ಸ್ಪರ್ಧಿಸುತ್ತಾರೆ, ಕಣಕ್ಕಿಳಿಯುತ್ತಾರೆ, ಅಖಾಡಕ್ಕೆ ಧುಮುಕುತ್ತಾರೆ. ಮನೆಯಲ್ಲಿ ಯಾರೂ ಧುಮುಕುವುದಿಲ್ಲ, ಎಲ್ಲರೂ ನಿಲ್ಲುತ್ತಾರೆ. ಇಂಗ್ಲಿಷಿನಲ್ಲೂ ಚುನಾವಣೆಗೆ ನಿಲ್ಲುತ್ತಾರೆ, ಅಲ್ಲಿಂದಲೇ ಬಂದಿರಬಹುದು ಅಂತ ಯಾರಾದರೂ ಹೇಳಿಯಾರು. ಇರಬಹುದು. ಆದರೆ ನಮ್ಮಲ್ಲಿ ನಿಂತವರನ್ನು ಕೂರಿಸುವುದೂ ಇದೆ. ಎದುರಾಳಿಗೆ ಹೇಳಿ ಕೇಳಿ ನಾಮಪತ್ರ ವಾಪಸ್ ತೆಗೆಸುವುದಕ್ಕೆ ಇವರು 'ಕೂರಿಸಿದರು' ಅನ್ನುತ್ತಾರೆ. "ಇಬ್ಬರು ನಿಂತಿದ್ದರು, ಒಬ್ಬನನ್ನು ಕೂರಿಸಿದೆವು." ಈ ಬಳಕೆ ನಿಮ್ಮ ಕಡೆಯೂ ಇದೆಯಾ? ಇದು ನನ್ನ ಮೊದಲ ಪ್ರಶ್ನೆ.

ನಿಂತವರಿಗೆ ಮಾತ್ರ ಹೆಸರಿಗೆ ಬರವಿಲ್ಲ. ಅಭ್ಯರ್ಥಿ ಅಂದರೆ ಬೇಡುವವನು. ಉಮೇದುವಾರ ಅಂದರೆ ಆಸೆ ಇಟ್ಟುಕೊಂಡವನು, ಪಾರಸಿಯ ಉಮೀದ್‌ನಿಂದ ಬಂದದ್ದು. ಕನ್ನಡಕ್ಕೆ ಬಂದ ಮೇಲೆ ಉಮೇದು ಹುಮ್ಮಸ್ಸೂ ಆಯಿತು. ಸರ್ಕಾರಿ ಪ್ರಕಟಣೆಗಳಲ್ಲಿ 'ಉಮೇದುವಾರಿಕೆ ಹಿಂತೆಗೆದುಕೊಳ್ಳಲು ಕೊನೆಯ ದಿನ' ಅನ್ನುವ ಸಾಲು ಈಗಲೂ ಇದೆ. ಹುರಿಯಾಳು ಅಂದರೆ ಕಾದಾಡುವವನು, ಅದು ಪತ್ರಿಕೆಯ ತಲೆಬರಹಕ್ಕೇ ಸರಿ. ಬೇಡುವವನು, ಆಸೆಪಡುವವನು, ಕಾದಾಡುವವನು. ನಮ್ಮ ಹಿರಿಯರಿಗೆ ನಡುವಿನದೇ ಒಪ್ಪುತ್ತದೆ ಅನ್ನಿಸಿ 'ಉಮೇದುವಾರ' ಅಂತ ಬರೆದಿದ್ದೇನೆ. ಹಳೇ ಮೈಸೂರಿನ ಓದುಗರಿಗೆ ಇದು ಹಳೆಯದು ಅನ್ನಿಸುತ್ತದಾ?

ಮೊದಲ ಸಲ ಅವರ ಠೇವಣಿ ಹೋಯಿತು. ಇದನ್ನು ಮುಚ್ಚಿಡಬೇಡ ಅಂತ ಅವರೇ ಹೇಳಿದ್ದಾರೆ. ಠೇವಣಿ ಮರಾಠಿಯಿಂದ ಬಂದದ್ದು, ಅಲ್ಲಿ 'ಠೇವ್' ಅಂದರೆ ಇಡು. ನಮ್ಮ 'ಇಡುಗಂಟು' ಕೂಡ ಇಡುವುದರಿಂದಲೇ ಹುಟ್ಟಿದ್ದು. ಎರಡು ಭಾಷೆಯೂ ಒಂದೇ ದಾರಿ ಹಿಡಿದಿವೆ. ಆದರೆ 'ಠೇವಣಿ ಕಳೆದುಕೊಂಡರು' ಅಂದಾಗ ದಾರಿಯಲ್ಲಿ ಪರ್ಸು ಬೀಳಿಸಿಕೊಂಡ ಹಾಗೆ ಕೇಳುತ್ತದೆ. ಅದು ಕಳೆಯುವುದಲ್ಲ, ಮುಟ್ಟುಗೋಲಾಗುವುದು. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಸಿಂಧುವಾದ ಮತಗಳ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳದಿದ್ದರೆ ದುಡ್ಡು ಸರ್ಕಾರಕ್ಕೆ. ಸರಿಯಾಗಿ ಆರನೇ ಒಂದು ಭಾಗ ಬಂದರೂ ಹೋಯಿತು ಅಂತಲೇ ಲೆಕ್ಕ.

ಎರಡನೇ ಸಲ ಒಂಬತ್ತು ಓಟಿನಲ್ಲಿ ಸೋತರು. ಸೋಲಿಗೆ ನಮ್ಮ ಪತ್ರಿಕೆಗಳ ಹತ್ತಿರ ಎಷ್ಟು ಪದ ನೋಡಿ: ಪರಾಭವಗೊಂಡರು, ಮುಗ್ಗರಿಸಿದರು, ಮಣ್ಣುಮುಕ್ಕಿದರು, ಸೋಲುಂಡರು. ಇವುಗಳಲ್ಲಿ 'ಸೋಲುಂಡರು' ನನಗೆ ಇಷ್ಟ. ಸೋಲನ್ನು ಉಣ್ಣುವುದು, ನುಂಗಲೇಬೇಕಾದ ತುತ್ತಿನ ಹಾಗೆ. ಇನ್ನೊಂದು ಪದ ಇದೆ, ಅದು ಸ್ವಲ್ಪ ವಿಚಿತ್ರ: 'ಪರಾಜಿತ ಅಭ್ಯರ್ಥಿ'. ಸೋತದ್ದೇ ಇಲ್ಲಿ ಬಿರುದು. ಸಭೆಯ ವರದಿಗಳಲ್ಲಿ, ಆಮಂತ್ರಣಗಳಲ್ಲಿ, ಹೆಸರಿನ ಮುಂದೆ ಅಧ್ಯಕ್ಷರು, ಕಾರ್ಯದರ್ಶಿ ಇರುವ ಕಡೆ 'ಪರಾಜಿತ ಅಭ್ಯರ್ಥಿ' ಅಂತ ಇರುತ್ತದೆ. ಓಟದಲ್ಲಿ ಎರಡನೆಯವನಾಗಿ ಬಂದವನು ಹಾಗೆ ಹಾಕಿಸಿಕೊಳ್ಳುವುದಿಲ್ಲ. ಚುನಾವಣೆಯಲ್ಲಿ ಮಾತ್ರ ಸೋತರೂ ಒಂದು ಕುರ್ಚಿ ಸಿಗುತ್ತದೆ.

ಗೆದ್ದವರು ನಡುವೆ ತೀರಿಕೊಂಡರು. ಉಪಚುನಾವಣೆ ಬಂತು, ಇವರು ಗೆದ್ದರು, ಉಳಿದಿದ್ದ ಹದಿನಾಲ್ಕು ತಿಂಗಳು ಸದಸ್ಯರಾಗಿದ್ದರು. ಆಮೇಲೆ ಮನೆಯವರ ಸರದಿ. 2013ರಲ್ಲಿ ಇವರು ಮತ್ತೆ ನಿಂತಾಗ ಎದುರಿಗೆ ಯಾರೂ ಉಳಿಯಲಿಲ್ಲ. 2018ರಲ್ಲಿ ಓಟು ಹಾಕಿಸಿಕೊಂಡೇ ಗೆದ್ದರು. ಈಗ ಲೆಕ್ಕ ಹೇಳಿ: ಮೂರು ಬಾರಿ ಸದಸ್ಯರೋ, ಮೂರು ಅವಧಿಗೆ ಸದಸ್ಯರೋ? ಪತ್ರಿಕೆಗಳು ಎರಡನ್ನೂ ಒಂದೇ ಅನ್ನುವ ಹಾಗೆ ಬಳಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಬಾರಿ ಅಂದರೆ ಸಲ, ಗೆದ್ದ ಲೆಕ್ಕ. ಅವಧಿ ಅಂದರೆ ಕಾಲದ ಅಳತೆ. ಹದಿನಾಲ್ಕು ತಿಂಗಳು ಪೂರ್ತಿ 'ಬಾರಿ' ಆಗಬಹುದು, ಪೂರ್ತಿ 'ಅವಧಿ' ಆಗುವುದಿಲ್ಲ. ಹಾಗಾಗಿ 'ಮೂರು ಬಾರಿ ಆಯ್ಕೆಯಾದರು' ಅಂತ ಬರೆದೆ. 'ಗೆದ್ದರು' ಅನ್ನಲಿಲ್ಲ. 2013ರದು ಅವಿರೋಧ ಆಯ್ಕೆ. ಎದುರಿಗೆ ಯಾರೂ ಇಲ್ಲದ ಕಡೆ ಗೆಲ್ಲುವುದು ಯಾರನ್ನು? ಅವರನ್ನು ಕೇಳಿದರೆ, "ಅದೇ ಕಷ್ಟದ ಗೆಲುವು ಕಣಯ್ಯಾ, ಇಬ್ಬರನ್ನು ಕೂರಿಸಬೇಕಾಯ್ತು" ಅಂದರು. ಅವರ ಲೆಕ್ಕದಲ್ಲಿ ಅದೂ ಗೆಲುವೇ. ನಿಮ್ಮ ಲೆಕ್ಕ ಏನು?

ಇನ್ನು ಹುದ್ದೆಯ ಹೆಸರು. ಇದರ ಬಗ್ಗೆ ಜಗಳ ಜಾಸ್ತಿ, ವಿಷಯ ಕಡಿಮೆ. ಅವರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಹುಡುಗರು 'ಕಾರ್ಪೊರೇಟರ್' ಅಂತ ಹಾಕಿಸಿದ್ದಾರೆ. ಕಾರ್ಪೊರೇಷನ್ ಇದ್ದರೆ ತಾನೇ ಕಾರ್ಪೊರೇಟರ್? ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮೂರೂ 1964ರ ಕಾಯ್ದೆಯ ಅಡಿ ಬರುತ್ತವೆ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ ಬೇರೆ ಇದೆ. ತಮಾಷೆ ಅಂದರೆ ಎರಡು ಕಾಯ್ದೆಯಲ್ಲೂ ಇರುವ ಪದ ಕೌನ್ಸಿಲರ್. ಕಾರ್ಪೊರೇಟರ್ ಜನರ ಬಾಯಿಯದು. ಬೆಳಗಾವಿಯಲ್ಲಿರುವ ನನ್ನ ಷಡ್ಡಕರು 'ನಗರಸೇವಕ' ಅನ್ನುತ್ತಾರೆ, ಮರಾಠಿಯ ಪಕ್ಕದ ಮನೆ. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಕಡೆ ಬರೆದರೆ ಕಸ ಗುಡಿಸುವ ಸಂಘದವರೋ ಅಂತ ಕೇಳಿಯಾರು. ನಾನು ನೇರವಾಗಿ 'ನಗರಸಭೆ ಸದಸ್ಯ' ಅಂತ ಇಟ್ಟಿದ್ದೇನೆ.

ಹಾಗೇ ಒಂದು ಪಕ್ಕದ ಮಾತು. ಪೌರಕಾರ್ಮಿಕ, ಪೌರಾಯುಕ್ತ, ಮಹಾಪೌರ ಮೂರರಲ್ಲೂ ಇರುವುದು ಒಂದೇ 'ಪೌರ', ಪುರದವನು. ಮೇಯರನ್ನು ಪಾಲಿಕೆಗಳಲ್ಲಿ 'ಪೂಜ್ಯ ಮಹಾಪೌರರು' ಅನ್ನುವುದನ್ನು ಕೇಳಿರುತ್ತೀರಿ, ಇಂಗ್ಲಿಷರ ಕಾಲದ ಮರ್ಯಾದೆಯ ಪದವನ್ನು ಹಾಗೇ ಕನ್ನಡಕ್ಕೆ ಇಳಿಸಿಕೊಂಡದ್ದು. ಬೀದಿ ಗುಡಿಸುವವರ ಹೆಸರಿಗೂ ಮೇಯರ್ ಹೆಸರಿಗೂ ಬೇರು ಒಂದೇ. ಪೂಜ್ಯ ಮಾತ್ರ ಒಂದೇ ಕಡೆ ಅಂಟಿಕೊಂಡಿದೆ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಹಾಲಿ, ಮಾಜಿ ಎರಡೂ ಅರಬ್ಬಿಯಿಂದ ಹೊರಟು ನಮ್ಮವರೆಗೆ ಬಂದ ಪದಗಳು. ಉರ್ದು ವ್ಯಾಕರಣದಲ್ಲಿ 'ಮಾಜಿ' ಅಂದರೆ ಭೂತಕಾಲ, 'ಹಾಲ್' ಅಂದರೆ ವರ್ತಮಾನಕಾಲ. ಮಾಜಿ ಸದಸ್ಯ ಅಂದಾಗ ನಾವು ಒಬ್ಬ ಮನುಷ್ಯನಿಗೆ ಕಾಲದ ಪ್ರತ್ಯಯ ಹಚ್ಚುತ್ತಿದ್ದೇವೆ, ಅಲ್ವಾ? ಭವಿಷ್ಯತ್ತಿಗೆ ಮಾತ್ರ ನಾವು ಅರಬ್ಬಿಗೆ ಹೋಗದೆ ಸಂಸ್ಕೃತಕ್ಕೆ ಹೋದೆವು: 'ಭಾವಿ'. ಫ್ಲೆಕ್ಸ್ ಬರೆಯುವವರ ಕೈಯಲ್ಲಿ ಅದು ಎಷ್ಟೋ ಸಲ 'ಬಾವಿ' ಆಗುತ್ತದೆ. ನಮ್ಮ ಸರ್ಕಲ್ಲಿನಲ್ಲಿ ಒಂದು ಇಡೀ ತಿಂಗಳು 'ಬಾವಿ ಕಾರ್ಪೊರೇಟರ್' ಅಂತ ಒಬ್ಬರು ಕೈಮುಗಿದು ನಿಂತಿದ್ದರು. ಒಂದು ಮಹಾಪ್ರಾಣಕ್ಕೆ ಮನುಷ್ಯ ನೀರಿಗೆ ಬಿದ್ದ.

ಕಾಲ ಮೂರು ಇದ್ದ ಮೇಲೆ ಎಲ್ಲರೂ ಒಂದಲ್ಲ ಒಂದರಲ್ಲಿ ಕೂರಬೇಕು. ಆದರೆ ಕೂರುವುದಿಲ್ಲ. ಬೆಂಗಳೂರನ್ನೇ ತೆಗೆದುಕೊಳ್ಳಿ. 2015ರ ಆಗಸ್ಟಿನಲ್ಲಿ 198 ವಾರ್ಡುಗಳಿಂದ ಗೆದ್ದು ಬಂದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಷ್ಟೂ ಜನ ಒಟ್ಟಿಗೇ ಮಾಜಿ. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಅವರ ಜಾಗಕ್ಕೆ ಹಾಲಿ ಅನ್ನುವವರೇ ಇರಲಿಲ್ಲ. 'ನಿಕಟಪೂರ್ವ' ಅನ್ನುವ ಪದ ಇದೆ, ಈಗಷ್ಟೇ ಇಳಿದವರಿಗೆ. ಇಳಿದು ವರ್ಷಗಳಾದರೂ ಹಿಂದೆ ಇನ್ನೊಬ್ಬರು ಬಾರದಿದ್ದರೆ ನಿಕಟವೇ ಉಳಿಯುತ್ತಾರಾ? ಪದದ ಲೆಕ್ಕದಲ್ಲಿ ಹೌದು. ಕಿವಿಗೆ ಒಪ್ಪುವುದಿಲ್ಲ.

ನಮ್ಮ ಹಿರಿಯರದು ಇದಕ್ಕೆ ತಲೆಕೆಳಗು. 2018ರ ಆಗಸ್ಟ್ 31ಕ್ಕೆ ಮತದಾನ ಆಯಿತು, ಸೆಪ್ಟೆಂಬರಿನಲ್ಲಿ ಎಣಿಕೆ. ಗೆದ್ದ ಪ್ರಮಾಣಪತ್ರ ಕೈಗೆ ಬಂತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿ, ರಾಜ್ಯದ ಎಷ್ಟೋ ಊರುಗಳಲ್ಲಿ ಹೆಚ್ಚುಕಮ್ಮಿ ಎರಡು ವರ್ಷ ಹೊಸ ಆಡಳಿತ ಬರಲೇ ಇಲ್ಲ. ಕಡತಕ್ಕೆ ಸಹಿ ಹಾಕುತ್ತಿದ್ದವರು ಆಡಳಿತಾಧಿಕಾರಿ. ಸಂವಿಧಾನದ ಪ್ರಕಾರ ಐದು ವರ್ಷ ಎಣಿಸುವುದೂ ಮೊದಲ ಸಭೆಯ ದಿನದಿಂದಲೇ. ಅಂದರೆ ಇವರು ಗೆದ್ದಿದ್ದಾರೆ, ಆದರೆ ಗಡಿಯಾರ ಶುರುವಾಗಿಲ್ಲ. ಬೀದಿ ದೀಪ ಕೆಟ್ಟರೆ ಜನ ಇವರ ಅಂಗಡಿಗೇ ಬರುತ್ತಿದ್ದರು. ಇವರು ಕಚೇರಿಗೆ ಹೋದರೆ "ನೀವಿನ್ನೂ ಮೆಂಬರ್ ಆಗಿಲ್ವಲ್ಲ ಸಾರ್" ಅನ್ನಿಸಿಕೊಂಡು ಬರುತ್ತಿದ್ದರು.

ಆ ಎರಡು ವರ್ಷ ಇವರು ಏನು? ಹಾಲಿ ಅಲ್ಲ. 2013ರ ಲೆಕ್ಕದಲ್ಲಿ ಮಾಜಿ ಹೌದು, ಆದರೆ ಗೆದ್ದವರನ್ನು ಮಾಜಿ ಅನ್ನಲಾದೀತೇ? ಭಾವಿ ಅಂದರೆ ಇನ್ನೂ ಓಟು ಕೇಳಬೇಕಾದವರ ಸಾಲಿಗೆ ಸೇರಿಸಿದ ಹಾಗೆ. ಪತ್ರಿಕೆಗಳು 'ನಿಯೋಜಿತ ಮುಖ್ಯಮಂತ್ರಿ' ಅಂತ ಬರೆಯುತ್ತವೆ, ಆಯ್ಕೆಯಾಗಿ ಪ್ರಮಾಣವಚನ ಆಗದವರಿಗೆ. ಅದು ಎರಡು ದಿನದ ಮಾತಿಗೆ ಸರಿ. ಆದರೆ ನಗರಸಭೆಯಲ್ಲಿ 'ನಿಯೋಜಿತ ಸದಸ್ಯ' ಅಂದರೆ ಓದುವವರು ಸರ್ಕಾರ ನೇಮಿಸಿದ ನಾಮನಿರ್ದೇಶಿತ ಸದಸ್ಯ ಅಂದುಕೊಳ್ಳುತ್ತಾರೆ. ನಾಮನಿರ್ದೇಶಿತರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲ. ಓಟು ಗೆದ್ದು ಬಂದವರನ್ನು ಆ ಹೆಸರಿನಿಂದ ಕರೆದರೆ ಅನ್ಯಾಯ. 'ಚುನಾಯಿತ ಸದಸ್ಯ' ಅನ್ನಬಹುದು. ಹಿಂದಿಯ ಬುಡಕ್ಕೆ ಸಂಸ್ಕೃತದ ಬಾಲ ಕಟ್ಟಿದ ಪದ, ಅದರ ಬಗ್ಗೆ ನನಗೆ ಜಗಳವಿಲ್ಲ. ಆದರೆ ಅಧಿಕಾರದಲ್ಲಿ ಇರುವವರೂ ಚುನಾಯಿತರೇ ಆದ್ದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. 'ವಿಜೇತ ಅಭ್ಯರ್ಥಿ' ಎಣಿಕೆಯ ದಿನ ಸಂಜೆಗೇ ಹಳಸುತ್ತದೆ.

ಅಂದ ಹಾಗೆ ತಲೆಬರಹ ಇತ್ಯರ್ಥವಾಗಿದೆ. 'ನಿಂತ ಚುನಾವಣೆಗಳು' ಅಂತ ಇಟ್ಟೆ. ಪುಸ್ತಕದವರು ಮುಖ ಸಿಂಡರಿಸಿ ಒಪ್ಪಿದ್ದಾರೆ. 'ನಿಂತ' ಅಂದರೆ ನಿಂತುಹೋದ ಚುನಾವಣೆ ಅನ್ನುವ ಅರ್ಥವೂ ಬರುತ್ತದಲ್ಲ ಅಂತ ಒಬ್ಬರು ಕೇಳಿದರು. ಬರಲಿ ಬಿಡಿ ಅಂದೆ, ಈಗ ಅದೂ ನಿಜವೇ.

ಉಳಿದಿರುವುದು ಒಂದು ಫೋಟೋ. 2019ರದು. ನಗರಸಭೆಯ ಸಭಾಂಗಣದ ಮುಚ್ಚಿದ ಬಾಗಿಲ ಮುಂದೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಪ್ರಮಾಣಪತ್ರವನ್ನು ಎದೆಯ ಹತ್ತಿರ ಹಿಡಿದು ನಿಂತಿದ್ದಾರೆ. ಅದರ ಕೆಳಗೆ ಹೆಸರು ಹಾಕಿ, ಪಕ್ಕದಲ್ಲಿ ಒಂದು ಪದಕ್ಕೆ ಜಾಗ ಬಿಟ್ಟಿದ್ದೇನೆ. ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಯಾರಿಗಾದರೂ ಹೊಳೆದರೆ ಹೇಳಿ.