ಪದಚರ್ಚೆ: ರೈಲು ಫೋಟೋಗೆ ‘ಅಚ್ಚುಕಟ್ಟು’, ‘ಕಳೆಗಟ್ಟಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ರೈಲು ಅಂದರೆ ಪ್ರಾಣ ಬಿಡುವ ನಾವು ಕೆಲವರು ಒಬ್ಬರು ತೆಗೆದ ಫೋಟೋವನ್ನು ಇನ್ನೊಬ್ಬರದರ ಪಕ್ಕ ಇಟ್ಟು, ಯಾವುದು ಮೇಲು ಎಂದು ಆಗಾಗ ವಾದ ಮಾಡುತ್ತೇವೆ. ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ. ತೀರ್ಪು ಹೇಳುವಾಗ ಮಾತ್ರ ‘ಸೂಪರ್’, ‘ಚೆನ್ನಾಗಿ ಬಂದಿದೆ’, ‘ಅಷ್ಟಕ್ಕಷ್ಟೆ’ ಬಿಟ್ಟರೆ ಬೇರೆ ಪದ ಬಾಯಿಗೆ ಬರುವುದಿಲ್ಲ. ಇದರಿಂದ ಎರಡು ಬೇರೆ ಬೇರೆ ಜಾತಿಯ ಒಳ್ಳೆಯ ಫೋಟೋಗಳು ಒಂದೇ ತಕ್ಕಡಿಗೆ ಬೀಳುತ್ತಿವೆ. ಪ್ರತಿ ಸಲವೂ ಯಾವುದೋ ಒಂದಕ್ಕೆ ಅನ್ಯಾಯ ಆಗುತ್ತದೆ. ಅದಕ್ಕೇ ಎರಡು ಪದ ಹುಡುಕಿಕೊಂಡು ಬಂದಿದ್ದೇನೆ. ಅವು ಈ ಅರ್ಥದಲ್ಲಿ ನಿಲ್ಲುತ್ತವೆಯೇ ಎಂದು ಬಲ್ಲವರು ಹೇಳಬೇಕು.

ಮೊದಲನೆಯ ಜಾತಿ ಹೀಗಿರುತ್ತದೆ. ಗಾಡಿ ನಮ್ಮ ಕಡೆಗೆ ಬರುತ್ತಿದೆ. ಎಂಜಿನ್ನಿನ ಮೂತಿ, ಒಂದು ಪಕ್ಕ ಎರಡೂ ಕಾಣುತ್ತವೆ. ಎರಡಕ್ಕೂ ಬಿಸಿಲು ಬಿದ್ದಿದೆ. ನಂಬರ್ ಓದಬಹುದು. ಹುಬ್ಬಳ್ಳಿ ಶೆಡ್ಡಿನದೋ ಕೃಷ್ಣರಾಜಪುರಂ ಶೆಡ್ಡಿನದೋ ಹೇಳಬಹುದು. ಚಕ್ರಗಳ ಹತ್ತಿರ ಕತ್ತಲು ಕವಿದಿಲ್ಲ, ಕರೆಂಟಿನ ಕಂಬ ಮೂತಿಗೆ ಅಡ್ಡ ಬಂದಿಲ್ಲ, ಕೊನೆಯ ಬೋಗಿವರೆಗೂ ಗಾಡಿ ಚೌಕಟ್ಟಿನೊಳಗೇ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ತ್ರೀ ಕ್ವಾರ್ಟರ್’ ಅನ್ನುತ್ತಾರೆ, ಅಮೆರಿಕದವರು ‘ವೆಡ್ಜ್’ ಎಂದೂ ಕರೆಯುತ್ತಾರೆ. ಉಗಿ ಎಂಜಿನ್ನಿನ ಫೋಟೋ ವಿಷಯದಲ್ಲಿ ಅಲ್ಲಿಯವರು ಇನ್ನೂ ಕಟ್ಟುನಿಟ್ಟು. ನಿಂತ ಎಂಜಿನ್ ಆದರೆ ಚಕ್ರಗಳನ್ನು ಕೂಡಿಸುವ ಉದ್ದನೆಯ ಸಲಾಕೆ ತೀರಾ ಕೆಳಗೆ ಬಂದು ನಿಂತಿರಬೇಕು. ಇಲ್ಲದಿದ್ದರೆ ಮಾರ್ಕು ಕಡಿಮೆ.

ಈ ಕಟ್ಟಳೆ ಸುಮ್ನೆ ಹುಟ್ಟಿದ್ದಲ್ಲ. ಶುರುವಿನ ಕೊಡಾಕ್ರೋಮ್ ಬಣ್ಣದ ಫಿಲ್ಮಿನ ‘ವೇಗ’, ಅಂದರೆ ಬೆಳಕನ್ನು ಹಿಡಿಯುವ ಶಕ್ತಿಯ ಅಳತೆ (ಈಗಿನ ಐಎಸ್‌ಒ), ಬರೀ 10ರ ಆಸುಪಾಸು. 1961ರಲ್ಲಿ ಬಂದ ಹೊಸ ಬಗೆಗೂ 25 ಅಷ್ಟೆ. ಇವತ್ತು ನಾವು ಯೋಚನೆಯೇ ಮಾಡದೆ 3200 ಇಟ್ಟುಕೊಳ್ಳುತ್ತೇವೆ. ಆಗ ಫೋಟೋ ತೆಗೆಯುತ್ತಿದ್ದವರಿಗೆ ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ನಿಲ್ಲದೆ ಬೇರೆ ದಾರಿ ಇರಲಿಲ್ಲ. ಗಂಟೆಗೆ 110 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 30 ಮೀಟರಿನಷ್ಟು ಓಡುತ್ತದೆ. ಶಟರ್ ಒಂದು ಸೆಕೆಂಡಿನ 250ನೇ ಒಂದು ಪಾಲು ಮಾತ್ರ ತೆರೆದಿದ್ದರೂ ಅಷ್ಟರಲ್ಲೇ ಗಾಡಿ 12 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಡ್ಡ ಹಾದುಹೋಗುವ ಗಾಡಿಯಲ್ಲಿ ಇದು ಪೂರ್ತಿ ಕಾಣುತ್ತದೆ, ಓರೆಯಾಗಿ ನಮ್ಮತ್ತ ಬರುವ ಗಾಡಿಯಲ್ಲಿ ಕಡಿಮೆ ಕಾಣುತ್ತದೆ. ಹಾಗಾಗಿ ಓರೆಯಿಂದ ತೆಗೆಯುವುದೇ ರೂಢಿ ಆಯಿತು. (ಇನ್ನೊಂದು ಮಾತು. ಹಳಿಯ ದಕ್ಷಿಣಕ್ಕೆ ನಿಂತರೆ ಬೆಳಕು ಸರಿ ಎಂಬ ಅವರ ಪಾಠ ನಮ್ಮಲ್ಲಿ ವರ್ಷವಿಡೀ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಅದೂ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುವುದರಿಂದ ಎತ್ತ ನಿಂತರೂ ಚಕ್ರಗಳಿಗೆ ನೆರಳು.)

ಈ ಜಾತಿಯ ಫೋಟೋಗೆ ನಾನು ‘ಅಚ್ಚುಕಟ್ಟು’ ಅನ್ನುತ್ತಿದ್ದೇನೆ. ಅಚ್ಚುಕಟ್ಟಾದ ಅಡುಗೆಮನೆ, ಅಚ್ಚುಕಟ್ಟಾಗಿ ಮಡಚಿದ ಬಟ್ಟೆ ಅನ್ನುವಾಗ ನಾವು ಹೊಗಳುವುದು ಅಂದವನ್ನಲ್ಲ, ಮಾಡಿದವರ ಜತನವನ್ನು. ಇಲ್ಲೂ ಅದೇ. ನೀರಾವರಿಯವರ ‘ಅಚ್ಚುಕಟ್ಟು ಪ್ರದೇಶ’ ಬೇರೆ ಅರ್ಥ ಎಂದು ಗೊತ್ತು, ಅದರಿಂದ ಗೊಂದಲ ಆಗಲಾರದು. ನನ್ನ ಅನುಮಾನ ಬೇರೆ ಕಡೆ ಇದೆ. ‘ಅಚ್ಚುಕಟ್ಟಾಗಿದೆ’ ಅಂದರೆ ‘ಅಷ್ಟೇ, ಜಾಸ್ತಿ ಏನಿಲ್ಲ’ ಎಂಬ ಸಣ್ಣ ತಾತ್ಸಾರ ನಿಮ್ಮ ಕಿವಿಗೆ ಕೇಳಿಸುತ್ತದೆಯೇ? ಕೇಳಿಸುವುದಾದರೆ ಈ ಪದ ಬೇಡ. ಮುಂದೊಂದು ದಿನ ಆ ಎಂಜಿನ್ ಗುಜರಿಗೆ ಹೋದ ಮೇಲೆ ಅದು ಹೇಗಿತ್ತು ಎಂದು ತೋರಿಸುವುದು ಇಂಥ ಫೋಟೋಗಳೇ.

ಎರಡನೆಯ ಜಾತಿಗೆ ಬರೋಣ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿಯಲ್ಲಿ ದೂಧ್‌ಸಾಗರ ಜಲಪಾತ ಇದೆ. ಅಲ್ಲಿ ಹಳಿ 37 ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ, ಮೇಲೆ ಬರುವ ಗಾಡಿಗಳನ್ನು ಹಿಂದಿನಿಂದ ಬೇರೆ ಎಂಜಿನ್‌ಗಳು ತಳ್ಳುತ್ತವೆ. ಮಳೆಗಾಲದಲ್ಲಿ ದೂರದ ಗುಡ್ಡದಿಂದ ತೆಗೆದ ಫೋಟೋ ನೆನಪಿಸಿಕೊಳ್ಳಿ. ಬಿಸಿಲೇ ಇಲ್ಲ. 300 ಮೀಟರಿಗೂ ಎತ್ತರದ ನೀರಿನ ಮುಂದೆ ಗಾಡಿ ಒಂದು ಗೆರೆಯಷ್ಟು. ನಂಬರ್ ಹಾಗಿರಲಿ, ಎಂಜಿನ್ ಯಾವ ಮಾದರಿಯದು ಎಂದೂ ತಿಳಿಯದು. ಅಚ್ಚುಕಟ್ಟಿನ ಲೆಕ್ಕದಲ್ಲಿ ಇದು ಪೂರ್ತಿ ಫೇಲು. ಆದರೆ ನೋಡಿದವರು ಯಾರೂ ಕೆಟ್ಟ ಫೋಟೋ ಅನ್ನುವುದಿಲ್ಲ, ಅಲ್ವಾ? ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳದ್ದೂ ಇದೇ ಕಥೆ. ಎಂಜಿನ್ನಿನ ದೀಪ ಸುರಂಗದ ಒದ್ದೆ ಗೋಡೆಗೆ ಬಿದ್ದು ಹೊಳೆಯುತ್ತಿದ್ದರೆ ಮೂತಿ ಕಪ್ಪಾಗಿಯೇ ಇರುತ್ತದೆ. ಬೆಳಕು ಕಡಿಮೆ ಎಂದು ಅದಕ್ಕೆ ಮಾರ್ಕು ಕಳೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಈ ಜಾತಿಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಅಮೆರಿಕದ ಓ. ವಿನ್‌ಸ್ಟನ್ ಲಿಂಕ್. 1955ರಿಂದ 1960ರವರೆಗೆ ನಾರ್‌ಫೋಕ್ ಅಂಡ್ ವೆಸ್ಟರ್ನ್ ಕಂಪನಿಯ ಕೊನೆಯ ಉಗಿ ಗಾಡಿಗಳನ್ನು ಆತ ಹೆಚ್ಚಾಗಿ ರಾತ್ರಿ ಹೊತ್ತು ತೆಗೆದರು. ಸೂರ್ಯನನ್ನೂ ಹಳಿಯನ್ನೂ ತನಗೆ ಬೇಕಾದ ಕಡೆ ಸರಿಸಲು ಆಗುವುದಿಲ್ಲ, ಆದ್ದರಿಂದ ಬೆಳಕನ್ನೇ ತಾನು ತರುತ್ತೇನೆ ಎಂಬುದು ಅವರ ನಿಲುವು. ತಂತಿ ಎಳೆದು ಹತ್ತಾರು ಫ್ಲಾಷ್ ಬಲ್ಬುಗಳನ್ನು ಒಟ್ಟಿಗೆ ಹೊತ್ತಿಸುತ್ತಿದ್ದರು. 1956ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ತೆಗೆದ ಒಂದು ಫೋಟೋ ಬಹಳ ಹೆಸರಾಗಿದೆ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು, ಮುಂದಿನ ಕಾರಿನಲ್ಲಿ ಒಂದು ಜೋಡಿ, ಪರದೆಯ ಮೇಲೆ ವಿಮಾನ, ಆಚೆ ಬಿಳಿ ಹೊಗೆ ಬಿಡುತ್ತ ಓಡುವ ಗಾಡಿ. ಫ್ಲಾಷಿನ ಬೆಳಕಿಗೆ ಪರದೆ ಬಿಳಿಚಿಕೊಂಡದ್ದರಿಂದ ವಿಮಾನವನ್ನು ಆಮೇಲೆ ಕತ್ತಲಕೋಣೆಯಲ್ಲಿ ಸೇರಿಸಿದ್ದು.

ಇಂಥ ಫೋಟೋಗೆ ‘ಕಳೆಗಟ್ಟಿದೆ’ ಎನ್ನಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಮದುವೆಮನೆ ಕಳೆಗಟ್ಟುತ್ತದೆ, ಸಂತೆ ಕಳೆಗಟ್ಟುತ್ತದೆ. ಮುಖ ಕಳೆಗುಂದುತ್ತದೆ. ಬಿಡಿಬಿಡಿಯಾಗಿ ಲೆಕ್ಕ ಹಾಕಲು ಬಾರದ, ಒಟ್ಟು ನೋಟಕ್ಕೆ ಬರುವ ಹೊಳಪು ಅದು. ನನಗೆ ಬೇಕಾದ ಅರ್ಥವೂ ಅದೇ. ಆದರೆ ಎರಡು ತೊಡಕುಗಳಿವೆ. ‘ಈ ಫೋಟೋದಲ್ಲಿ ಕಳೆ ಇದೆ’ ಎಂದು ಬರೆದರೆ ಹಳಿ ನಡುವೆ ಬೆಳೆದ ಹುಲ್ಲಿನ ಮಾತೇ ಎಂದು ಓದುವವರಿಗೆ ಅನ್ನಿಸಬಹುದು, ರೈಲು ಫೋಟೋದಲ್ಲಿ ಆ ಕಳೆಯೂ ನಿಜವಾಗಿ ಇರುತ್ತದೆ. ‘ಜೀವಕಳೆ’ ಅಂದರೆ ಈ ಗೊಂದಲ ತಪ್ಪುತ್ತದೆ. ಎರಡನೆಯದು ಇನ್ನೂ ಗಟ್ಟಿ ತೊಡಕು. ‘ಕಳೆಗಟ್ಟು’ ಅನ್ನುವ ಕಡೆಯೆಲ್ಲ ಜನ, ಸದ್ದು, ಸಡಗರ ಇರುತ್ತದೆ. ಮಂಜು ಮುಸುಕಿದ, ಒಬ್ಬರೂ ಇಲ್ಲದ ಘಾಟಿಯ ಒಂಟಿ ಗೂಡ್ಸ್ ಗಾಡಿಗೆ ಈ ಮಾತು ಒಪ್ಪುತ್ತದೆಯೇ? ನನ್ನ ಕಿವಿಗೆ ಒಪ್ಪುತ್ತದೆ, ಮನೆಯ ಹಿರಿಯರ ಕಿವಿಗೆ ಒಪ್ಪುವುದಿಲ್ಲ. ‘ಕಳೆಗಟ್ಟೋಕೆ ಅಲ್ಲಿ ಯಾರಿದ್ದಾರೆ?’ ಎಂದು ಕೇಳುತ್ತಾರೆ.

ಇವೆರಡರಲ್ಲೂ ಸೇರದ ಇನ್ನೊಂದಿದೆ. ದಿನವೂ ಬಾರದ ಎಂಜಿನ್ ಅವತ್ತು ಬಂತು ಎಂಬ ಖುಷಿಗೇ ಕೆಲವು ಫೋಟೋಗಳು ಗೆದ್ದುಬಿಡುತ್ತವೆ. ನಮ್ಮವರು ಇದಕ್ಕೆ ‘ಆಫ್‌ಲಿಂಕ್’ ಅನ್ನುತ್ತಾರೆ. ಅದು ಗಾಡಿಗೆ ಕೊಟ್ಟ ಮಾರ್ಕು, ಫೋಟೋಗಲ್ಲ. ‘ಅಪರೂಪ’ ಎಂದು ಬೇರೆ ಹೇಳಿಬಿಟ್ಟರೆ ಸಾಕು, ಹೊಸ ಪದ ಬೇಡ.

‘ತಿದ್ದು’ ಬಗ್ಗೆ ಮಾತ್ರ ನಿಮ್ಮ ನೆರವು ಬೇಕು. ಮಂಕಾದ ಬಣ್ಣವನ್ನು ಸರಿಮಾಡಿದರೂ ‘ತಿದ್ದಿದ ಫೋಟೋ’, ಅಡ್ಡ ಬಂದ ಕಂಬವನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಿದರೂ ‘ತಿದ್ದಿದ ಫೋಟೋ’ ಎನ್ನುತ್ತೇವೆ. ಇದು ಸರಿಯಲ್ಲ. ಅಚ್ಚುಕಟ್ಟು ಜಾತಿಯಲ್ಲಿ ಕಂಬ ಅಳಿಸುವುದು ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೇ ಅದರ ಕೆಲಸ. ಲಿಂಕ್ ಅವರ ವಿಮಾನಕ್ಕೆ ಅದೇ ಕಟ್ಟಳೆ ಹಾಕಲು ಮನಸ್ಸಾಗದು, ಅಲ್ಲಿ ಪರದೆ, ಜೋಡಿ, ಗಾಡಿ ಎಲ್ಲವನ್ನೂ ಹೊಂದಿಸಿ ಕಟ್ಟಿದ್ದೇ ಆ ಫೋಟೋ. ಬಣ್ಣ ಸರಿಮಾಡಿದ್ದಕ್ಕೆ ‘ತಿದ್ದಿದ್ದು’, ಇಲ್ಲದ್ದನ್ನು ಸೇರಿಸಿದರೆ ಅಥವಾ ಇದ್ದದ್ದನ್ನು ತೆಗೆದರೆ ‘ಕಟ್ಟಿದ್ದು’ ಎಂದು ಇಟ್ಟುಕೊಳ್ಳಬಹುದೇ? ‘ಕಟ್ಟುಕತೆ’ಯಲ್ಲಿರುವ ‘ಕಟ್ಟು’ ಇಲ್ಲಿಗೆ ಹೊಂದುತ್ತದೆ, ಬೈಗುಳದಂತೆಯೂ ಕೇಳುವುದಿಲ್ಲ ಎಂದು ನನ್ನ ಅನಿಸಿಕೆ.

‘ತ್ರೀ ಕ್ವಾರ್ಟರ್’ಗೆ ‘ಮುಕ್ಕಾಲು ನೋಟ’ ಬೇಡ, ಕೇಳಿದವರಿಗೆ ಏನೂ ಹೊಳೆಯುವುದಿಲ್ಲ. ‘ಓರೆನೋಟ’ಕ್ಕೆ ಆಗಲೇ ಬೇರೆ ಬಣ್ಣ ಮೆತ್ತಿಕೊಂಡಿದೆ. ಎದುರಿನಿಂದ ತೆಗೆದದ್ದಕ್ಕೆ ‘ಬರೋ ಗಾಡಿ’, ಹಿಂದಿನಿಂದ ತೆಗೆದದ್ದಕ್ಕೆ ‘ಹೋಗೋ ಗಾಡಿ’ ಎಂದು ಈಗಲೇ ಹೇಳುತ್ತೇವೆ, ಅಷ್ಟೇ ಸಾಕೇನೋ.

‘ಕಳೆಗಟ್ಟು’ ಪದವನ್ನು ಜನರಿಲ್ಲದ ಜಾಗಕ್ಕೆ, ಮಳೆಗೆ, ಕತ್ತಲಿಗೆ ಬಳಸಿದ್ದನ್ನು ನಿಮ್ಮ ಊರಿನ ಕಡೆ ಕೇಳಿದ್ದರೆ ಆ ವಾಕ್ಯವನ್ನು ಇದ್ದ ಹಾಗೇ ಬರೆದು ತಿಳಿಸಿ. ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ಕರಾವಳಿಯವರ ಬಳಕೆ ಹೇಗಿದೆ ಎಂದು ತಿಳಿಯುವ ಆಸೆ ನನಗೆ ಜಾಸ್ತಿ.