ಸಹಾಯ ಬೇಕು: ಕಂಪನಿಯಲ್ಲಿ ಮಾಡಿದ ಪ್ರಾಜೆಕ್ಟ್‌ಗೆ ಅಂಕ ಕೊಡುವುದು ಹೇಗೆ?

ನಮಸ್ಕಾರ. ನಾನು ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಕೊನೇ ಸೆಮಿಸ್ಟರ್‌ನ ಮಕ್ಕಳನ್ನು ಇಂಟರ್ನ್‌ಶಿಪ್‌ಗೆ ತಗೊಳ್ಳಲು ಒಂದು ಕಂಪನಿ ಒಪ್ಪಿದೆ. ಸುಮ್ನೆ ಫೋಟೋ ತೆಗೆಸಿಕೊಂಡು ಕಪಾಟು ಸೇರುವ ಒಡಂಬಡಿಕೆ ಅಲ್ಲ, ನಿಜವಾದ ಕೆಲಸ. ಚೆನ್ನಾಗಿ ಮಾಡಿದವರಿಗೆ ಅಲ್ಲೇ ನೌಕರಿಯಂತೆ.

ತೊಡಕಾಗಿರುವುದು ಗೋಪ್ಯತೆಯ ಕರಾರು. ಕೋಡ್, ಗ್ರಾಹಕರ ಡೇಟಾ ಯಾವುದೂ ಹೊರಗೆ ಬರಬಾರದು ಅಂತಾರೆ. ನಮ್ಮಲ್ಲೋ, ಪೂರ್ತಿ ವರದಿ ನೋಡದೆ ಹೊರಗಿನ ಪರೀಕ್ಷಕರು ಅಂಕ ಕೊಡುವಂತಿಲ್ಲ. ಹೆಸರು, ಅಂಕಿ ಅಳಿಸಿದ ವರದಿ ಕೊಡುತ್ತೇವೆ ಎಂದೆ, ಪರೀಕ್ಷಾ ವಿಭಾಗ ಒಪ್ಪಲಿಲ್ಲ. ಪರೀಕ್ಷಕರೇ ಕರಾರಿಗೆ ಸಹಿ ಹಾಕಲಿ ಎಂದರೆ ಕಂಪನಿಯ ವಕೀಲರಿಂದ ಉತ್ತರವೇ ಇಲ್ಲ. ಮಧ್ಯೆ ಒದ್ದಾಡುವವರು ಮಕ್ಕಳು, ಅಲ್ವಾ?

ಕಂಪನಿಯ ಮೇಲ್ವಿಚಾರಕರು ಕೊಟ್ಟ ಅಂಕವನ್ನೇ ಕ್ರೆಡಿಟ್‌ಗೆ ಲೆಕ್ಕ ಹಿಡಿಯುವ ನಿಯಮ ನಿಮ್ಮಲ್ಲಿ ಇದೆಯೇ? ಇದ್ದರೆ ಒಟ್ಟು ಅಂಕದಲ್ಲಿ ಅದರ ಪಾಲೆಷ್ಟು, ಆ ಷರತ್ತನ್ನು ಒಡಂಬಡಿಕೆಯಲ್ಲಿ ಹೇಗೆ ಬರೆದಿದ್ದೀರಿ?